ಮಾಂತ್ರಿಕ ಒಬ್ಬನೇ ಎಲ್ಲ ಕೆಲಸ ಮುಗಿಸುತ್ತಾನೆ, ಉಳಿದವರಿಗೆ ಏನು ಕೊಡಲಿ?

ಗುಹೆನಿವಾಸಿ

ನಮಸ್ಕಾರ. ಗೆಳೆಯರ ಜೊತೆ ಆಡಲು ಸ್ವಂತ ನಿಯಮಗಳ ಒಂದು ಫ್ಯಾಂಟಸಿ ರೋಲ್‌ಪ್ಲೇಯಿಂಗ್ ಗೇಮ್, ಅಂದರೆ ಒಬ್ಬೊಬ್ಬರೂ ಒಂದು ಪಾತ್ರವಾಗಿ ಆಡುವ ಆಟ, ಮಾಡುತ್ತಿದ್ದೇನೆ. ಕಂಪ್ಯೂಟರ್ ಗೇಮ್ ಅಲ್ಲ, ಮೇಜಿನ ಸುತ್ತ ಕೂತು ದಾಳ, ಪೆನ್ಸಿಲ್, ಪೇಪರ್ ಇಟ್ಟುಕೊಂಡು ಆಡುವಂಥದ್ದು. ನಕ್ಷೆ ಇದೆ, ಹಳೇ ರಾಜ್ಯಗಳ ಜಗಳ ಇದೆ, ರಾಕ್ಷಸರೂ ಸಾಕಷ್ಟು ಇದ್ದಾರೆ. ತೊಂದರೆ ಇರುವುದು ಮಂತ್ರದ ನಿಯಮದಲ್ಲಿ ಮತ್ತು ಕ್ಲಾಸ್‌ಗಳಲ್ಲಿ, ಅಂದರೆ ಆಟಗಾರರು ಆರಿಸಿಕೊಳ್ಳುವ ಪಾತ್ರದ ಬಗೆಗಳಲ್ಲಿ.

ನನ್ನ ಲೋಕದಲ್ಲಿ ಮಂತ್ರಶಕ್ತಿ ಮನುಷ್ಯರ ಸ್ವಂತದ್ದಲ್ಲ. ಬೆಟ್ಟ, ನದಿ, ಹಳೇ ಮರ, ಪಾಳುಬಿದ್ದ ಕೋಟೆ, ಒಂದೊಂದರಲ್ಲೂ ಒಂದು ಶಕ್ತಿ ವಾಸವಾಗಿದೆ. ಮಾಂತ್ರಿಕ ಅದರ ಹತ್ತಿರ ಸಾಲ ಪಡೆದು ಮಂತ್ರ ಹಾಕುತ್ತಾನೆ. ಇದು ಕಥೆ. ನಿಯಮ ಹೀಗಿದೆ: ಲೆವೆಲ್‌ಗೆ (ಪಾತ್ರ ಬೆಳೆದ ಹಂತಕ್ಕೆ) 5ರಂತೆ ಶಕ್ತಿ ಪಾಯಿಂಟ್, ಒಂದು ಮಂತ್ರಕ್ಕೆ 1ರಿಂದ 9 ಪಾಯಿಂಟ್ ಖರ್ಚು, ರಾತ್ರಿ ಮಲಗಿ ಎದ್ದರೆ ಪೂರ್ತಿ ವಾಪಸ್.

ಕ್ಲಾಸ್ ಸದ್ಯಕ್ಕೆ 11. ಯೋಧ, ಬಿಲ್ಲುಗಾರ, ಕಾವಲುಗಾರ, ಕಳ್ಳ, ಬೇಹುಗಾರ, ವೈದ್ಯ, ಪೂಜಾರಿ, ಹಾಡುಗಾರ, ಆಮೇಲೆ ಬೆಂಕಿ ಮಾಂತ್ರಿಕ, ನೀರಿನ ಮಾಂತ್ರಿಕ, ಮಂಜಿನ ಮಾಂತ್ರಿಕ.

ಆಡಿ ನೋಡಿದರೆ ಪ್ರತಿ ಸಲವೂ ಅದೇ ಗೋಳು. ಬೀಗ ಹಾಕಿದ ಬಾಗಿಲು ಬಂತು ಅಂದರೆ ಕಳ್ಳ ತನ್ನ ಸಲಕರಣೆ ತೆಗೆಯುವಷ್ಟರಲ್ಲಿ ಮಾಂತ್ರಿಕ ಅದನ್ನು ತೆರೆದಾಗಿರುತ್ತದೆ. ಕಂದಕ ಬಂದರೆ ಎಲ್ಲರನ್ನೂ ಹಾರಿಸುತ್ತಾನೆ. ಕತ್ತಲೆಯಾದರೆ ಬೆಳಕು, ಹಸಿವಾದರೆ ಊಟ. ಹೋರಾಟದಲ್ಲಂತೂ ಮೊದಲ ಸುತ್ತಿನಲ್ಲೇ 9 ಪಾಯಿಂಟಿನ ಬೆಂಕಿ ಸುರಿದು ಮುಕ್ಕಾಲು ಶತ್ರುಗಳನ್ನು ಮುಗಿಸುತ್ತಾನೆ, ಉಳಿದವರು ಅಳಿದುಳಿದವರನ್ನು ಹೊಡೆಯುತ್ತಾರೆ. ಆಮೇಲೆ "ಪಾಯಿಂಟ್ ಖಾಲಿ, ಇಲ್ಲೇ ಮಲಗೋಣ" ಅನ್ನುತ್ತಾನೆ. ಗುಹೆಯೊಳಗೆ ಬಂದು ಇನ್ನೂ ಅರ್ಧ ಗಂಟೆ ಆಗಿರುವುದಿಲ್ಲ!

ಪಾಯಿಂಟ್ ಬಿಟ್ಟು ಸ್ಲಾಟ್ ಪದ್ಧತಿಗೆ (ಒಂದೊಂದು ಹಂತದ ಮಂತ್ರ ದಿನಕ್ಕೆ ಇಂತಿಷ್ಟೇ ಸಲ ಅನ್ನುವ ಲೆಕ್ಕ) ಹೋಗಬೇಕಾ? ಕ್ಲಾಸ್ 11 ಜಾಸ್ತಿ ಆಯಿತಾ? ಯೋಧನ ಡ್ಯಾಮೇಜ್, ಅಂದರೆ ಅವನ ಏಟಿನ ಬಲ, ಹೆಚ್ಚಿಸಿದರೆ ಸರಿಹೋಗುತ್ತದಾ? ಆಡಿ, ಮಾಡಿ ಗೊತ್ತಿರುವವರು ಸ್ವಲ್ಪ ಹೇಳಿ.

ಆರುಮುಖ

ಸ್ಲಾಟಾ ಪಾಯಿಂಟಾ ಅನ್ನುವುದು ಆಮೇಲೆ. ನಿಮ್ಮ ಕಥೆಯಲ್ಲಿ ಮಂತ್ರ ಅಂದರೆ ಸಾಲ, ನಿಮ್ಮ ನಿಯಮದಲ್ಲಿ ಮಂತ್ರ ಅಂದರೆ ಪೆಟ್ರೋಲ್ ಟ್ಯಾಂಕ್. ಖಾಲಿಯಾಗುತ್ತದೆ, ಮಲಗಿದರೆ ತುಂಬುತ್ತದೆ. ಸಾಲ ಕೊಟ್ಟವರು ಎಲ್ಲಿಗೆ ಹೋದರು? ಯಾರೂ ವಸೂಲಿಗೆ ಬರುವುದೇ ಇಲ್ಲವಲ್ಲ. ಆಟಗಾರರು ಲೋಕದ ಕಥೆಯನ್ನು ಒಂದು ಸಲ ಕೇಳುತ್ತಾರೆ, ನಿಯಮವನ್ನು ಪ್ರತಿ ಸುತ್ತಿನಲ್ಲೂ ಮುಟ್ಟುತ್ತಾರೆ. ಹಾಗಾಗಿ ಅವರ ಪಾಲಿಗೆ ನಿಮ್ಮ ಲೋಕ ಅಂದರೆ ಆ ನಿಯಮವೇ.

ಸ್ಲಾಟ್ ಬಗ್ಗೆ ಕೇಳಿದಿರಿ. ಡಂಜನ್ಸ್ ಅಂಡ್ ಡ್ರಾಗನ್ಸ್ ಅನ್ನುವ ಇಂಥದ್ದೇ ಆಟದ 1974ರ ಮೊದಲ ಆವೃತ್ತಿಯಲ್ಲಿ ಮಾಂತ್ರಿಕ ಮುಂಚೆಯೇ ಮಂತ್ರಗಳನ್ನು ಆರಿಸಿ ಬಾಯಿಪಾಠ ಮಾಡಿಕೊಂಡು ಹೊರಡಬೇಕಿತ್ತು. ಒಮ್ಮೆ ಬಳಸಿದರೆ ಅದು ತಲೆಯಿಂದ ಹೋಯಿತು. ಬಹಳ ಜನ ಇದನ್ನು ಬೈಯುತ್ತಾರೆ. ಆದರೆ ಅದರಲ್ಲಿ ಒಂದು ಮಜಾ ಇತ್ತು: ಒಳಗೆ ಏನಿದೆ ಅಂತ ಊಹಿಸಬೇಕು. ಬೀಗ ತೆಗೆಯುವ ಮಂತ್ರ ತಗೊಂಡರೆ ಮಾಯವಾಗುವ ಮಂತ್ರಕ್ಕೆ ಜಾಗ ಇಲ್ಲ. ಆಗ ಕಳ್ಳನ ಕೆಲಸ ಕಳ್ಳನಿಗೇ ಬಿಡುವುದು ಜಾಣತನ. 2014ರ ಐದನೇ ಆವೃತ್ತಿಯಲ್ಲಿ ಇದನ್ನು ಸಡಿಲ ಮಾಡಿದರು. ತಯಾರು ಮಾಡಿಕೊಂಡ ಪಟ್ಟಿ ಬೇರೆ, ಸ್ಲಾಟ್ ಬೇರೆ. ಸಣ್ಣ ಮಂತ್ರಗಳಿಗೆ ಖರ್ಚೇ ಇಲ್ಲ. ಅಲ್ಲಿ ವಿಝರ್ಡ್ (ಮಾಂತ್ರಿಕ) 1ನೇ ಲೆವೆಲ್‌ನಲ್ಲಿ 2 ಸ್ಲಾಟ್‌ನಿಂದ ಶುರು ಮಾಡಿ 20ನೇ ಲೆವೆಲ್‌ಗೆ ಒಟ್ಟು 22ಕ್ಕೆ ಬರುತ್ತಾನೆ, ಅದರಲ್ಲಿ ಅತಿ ದೊಡ್ಡ ಮಂತ್ರಗಳಾದ 8 ಮತ್ತು 9ನೇ ಹಂತದ್ದು ಒಂದೊಂದೇ. ಅಂದರೆ ದೊಡ್ಡ ಮಂತ್ರವನ್ನು ಎಷ್ಟು ಸಲ ಹಾಕಬಹುದು ಅನ್ನುವುದಕ್ಕೆ ಗಟ್ಟಿ ಮಿತಿ ಇದೆ.

ನಿಮ್ಮ ಪಾಯಿಂಟ್ ಪದ್ಧತಿಯಲ್ಲಿ ಆ ಮಿತಿ ಇಲ್ಲ. 10ನೇ ಲೆವೆಲ್ ಮಾಂತ್ರಿಕನಿಗೆ 50 ಪಾಯಿಂಟ್. 9 ಪಾಯಿಂಟಿನ ಬೆಂಕಿಯನ್ನೇ 5 ಸಲ ಸುರಿಯುತ್ತಾನೆ, ಬೇರೆ ಮಂತ್ರದ ಗೊಡವೆಗೇ ಹೋಗುವುದಿಲ್ಲ. ನಾನಾದರೂ ಹಾಗೇ ಆಡುತ್ತಿದ್ದೆ. ಕಂಪ್ಯೂಟರ್ ಗೇಮ್‌ಗಳಲ್ಲಿ ಇದೇ ಪಾಯಿಂಟ್ ಚೆನ್ನಾಗಿ ನಡೆಯುತ್ತದೆ, ಏಕೆಂದರೆ ಅಲ್ಲಿ ಎಲ್ಲಿ ಮಲಗಬಹುದು ಅಂತ ಗೇಮ್ ಹೇಳುತ್ತದೆ. ಮೇಜಿನ ಮೇಲೆ ಅದನ್ನು ಆಟಗಾರರು ಹೇಳುತ್ತಾರೆ. ಹಳಬರು "15 ನಿಮಿಷದ ದಿನ" ಅಂತ ತಮಾಷೆ ಮಾಡುವುದು ಇದಕ್ಕೇ. ಹೋರಾಡು, ಮಲಗು, ಹೋರಾಡು, ಮಲಗು.

ಕ್ಲಾಸ್ ವಿಷಯಕ್ಕೆ ಬಂದರೆ, ಅದೇ 1974ರ ಆಟದಲ್ಲಿ ಇದ್ದಿದ್ದು ಮೂರೇ: ಫೈಟಿಂಗ್ ಮ್ಯಾನ್ (ಯೋಧ), ಮ್ಯಾಜಿಕ್ ಯೂಸರ್ (ಮಾಂತ್ರಿಕ), ಕ್ಲೆರಿಕ್ (ಪೂಜಾರಿ). ಕಳ್ಳ ಬಂದಿದ್ದು 1975ರ ಗ್ರೇಹಾಕ್ ಪುರವಣಿಯಲ್ಲಿ. ಕಳ್ಳ ಬಂದ ಮೇಲೆ ಒಂದು ವಿಚಿತ್ರ ಆಯಿತು. ಅಲ್ಲಿಯವರೆಗೆ ಯಾರು ಬೇಕಾದರೂ "ನಾನು ಸದ್ದಿಲ್ಲದೆ ಹೋಗುತ್ತೇನೆ" ಅನ್ನಬಹುದಿತ್ತು, ಹೇಗೆ ಅಂತ ವಿವರಿಸಿದರೆ ಸಾಕಿತ್ತು. ಈಗ ಆ ಕೆಲಸ ಒಂದೇ ಕ್ಲಾಸಿನ ಶೀಟಿನ (ಪಾತ್ರದ ವಿವರ ಬರೆದ ಹಾಳೆಯ) ಮೇಲೆ ನಂಬರ್ ಆಗಿ ಕೂತಿತು. ಹಾಗಾದರೆ ಉಳಿದವರು ಸದ್ದು ಮಾಡಿಕೊಂಡೇ ಹೋಗಬೇಕಾ ಅನ್ನುವ ಜಗಳ ಇವತ್ತಿಗೂ ಮುಗಿದಿಲ್ಲ. ಒಂದು ಕ್ಲಾಸ್ ಸೇರಿಸಿದರೆ ಉಳಿದವರ ಕೈಯಿಂದ ಏನೋ ಕಿತ್ತುಕೊಂಡ ಹಾಗೆ. ನಿಮ್ಮಲ್ಲಿ 11 ಇವೆ, ಯಾರ ಕೈಯಲ್ಲಿ ಏನು ಉಳಿದಿದೆ ನೋಡಿ.

ಬೆಂಕಿ, ನೀರು, ಮಂಜು ಮೂರೂ ಒಂದೇ ಕ್ಲಾಸ್, ಬಣ್ಣ ಬೇರೆ ಅಷ್ಟೇ. ಆಟಗಾರ ತನ್ನ ಸರದಿ ಬಂದಾಗ ಏನು ಯೋಚನೆ ಮಾಡುತ್ತಾನೆ ಅಂತ ಕೇಳಿಕೊಳ್ಳಿ. ಮೂವರೂ "ಎಷ್ಟು ಪಾಯಿಂಟ್ ಸುರಿಯಲಿ" ಅಂತಲೇ ಯೋಚಿಸುವುದಾದರೆ ಮೂರು ಹೆಸರು ಯಾಕೆ?

ಕತ್ತಿವರಸೆ

ನಾನು ಯಾವ ಆಟ ಆದರೂ ಯೋಧನನ್ನೇ ಆಡುವವನು, ಹಾಗಾಗಿ ಸ್ವಲ್ಪ ಹೊಟ್ಟೆಯುರಿಯಿಂದಲೇ ಬರೆಯುತ್ತಿದ್ದೇನೆ ಅಂದುಕೊಳ್ಳಿ.

ಡ್ಯಾಮೇಜ್ ಜಾಸ್ತಿ ಮಾಡಬೇಡಿ. ಸಮಸ್ಯೆ ಅದಲ್ಲವೇ ಅಲ್ಲ. ಮಾಂತ್ರಿಕ "ಹಾರುತ್ತೇನೆ" ಅಂದರೆ ಹಾರುತ್ತಾನೆ. ದಾಳ ಇಲ್ಲ. ನಾನು "ಗೋಡೆ ಹತ್ತುತ್ತೇನೆ" ಅಂದರೆ ದಾಳ ಹಾಕು ಅನ್ನುತ್ತಾರೆ. 20 ಮುಖದ ದಾಳ, ನನ್ನ ಕೌಶಲ 5, ಗುರಿ 15 ಅಂತಿಟ್ಟುಕೊಳ್ಳಿ. 10 ಅಥವಾ ಮೇಲೆ ಬೀಳಬೇಕು. 55% ಸಾಧ್ಯತೆ. ಪರವಾಗಿಲ್ಲ ಅನಿಸುತ್ತದೆ ಅಲ್ವಾ? ಈಗ ನನ್ನ ಪ್ಲಾನ್ ಏನೆಂದರೆ ಗೋಡೆ ಹತ್ತಬೇಕು, ಸದ್ದಿಲ್ಲದೆ ಇಳಿಯಬೇಕು, ಕಾವಲುಗಾರನ ಬೆನ್ನ ಹಿಂದೆ ಹೋಗಬೇಕು. ಮೂರಕ್ಕೂ ಬೇರೆ ಬೇರೆ ದಾಳ ಹಾಕಿಸಿದರೆ ಮೂರೂ ಗೆಲ್ಲುವ ಸಾಧ್ಯತೆ ಸುಮಾರು 17%. ಮಾಂತ್ರಿಕ ಮಾಯವಾಗುವ ಮಂತ್ರ ಹಾಕಿ ಬಾಗಿಲಿನಿಂದಲೇ ಹೋಗುತ್ತಾನೆ, 100%. ಅವನಿಗೆ ಖಚಿತ, ನಮಗೆ ಬರೀ ಪ್ರಯತ್ನ. ಹೀಗಿರುವಾಗ ಮೇಜಿನ ಸುತ್ತ ಇರುವ ಎಲ್ಲರೂ ಅವನ ಮುಖ ನೋಡುತ್ತಾರೆ, ಇನ್ನೇನು ಮಾಡುತ್ತಾರೆ?

ಎರಡು ದಾರಿ ಇದೆ, ಎರಡನ್ನೂ ಬೆರೆಸಬಹುದು. ಒಂದು, ಮಂತ್ರಕ್ಕೂ ಅನಿಶ್ಚಿತ ಇರಲಿ. 2012ರ ಡಂಜನ್ ಕ್ರಾಲ್ ಕ್ಲಾಸಿಕ್ಸ್‌ನಲ್ಲಿ ಮಂತ್ರ ಹಾಕಲು ದಾಳ ಹಾಕಬೇಕು, ಕೆಟ್ಟದಾಗಿ ಬಿದ್ದರೆ ಮಾಂತ್ರಿಕನ ಮೈಯೇ ವಿಕಾರ ಆಗಬಹುದು. ಎರಡು, ನನಗೂ ಒಂದಿಷ್ಟು ಖಚಿತ ಕೊಡಿ. "ಯೋಧ 15 ಅಡಿ ಎತ್ತರದ ಗೋಡೆಯನ್ನು ದಾಳ ಇಲ್ಲದೆ ಹತ್ತುತ್ತಾನೆ." "ಯೋಧ ನಿಂತ ಬಾಗಿಲನ್ನು ಅವನನ್ನು ಬೀಳಿಸದೆ ಯಾರೂ ದಾಟುವಂತಿಲ್ಲ." ಹೀಗೆ ಸಣ್ಣ ಸಾಲುಗಳು. ಎರಡನೇ ಸಾಲನ್ನು ಓದಿ ನೋಡಿ, ಅದರಲ್ಲಿ ಡ್ಯಾಮೇಜ್ ಸುದ್ದಿಯೇ ಇಲ್ಲ. ಆದರೂ ಹೋರಾಟದ ರೂಪವೇ ಬದಲಾಗುತ್ತದೆ.

ಮಂತ್ರಗಳ್ಳಿ

ಕತ್ತಿವರಸೆ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಎದುರು ಪಕ್ಷದವಳು, ಯಾವಾಗಲೂ ಮಾಂತ್ರಿಕರನ್ನೇ ಆಡುತ್ತೇನೆ, ಆದರೂ ಒಪ್ಪುತ್ತೇನೆ.

ಪಟ್ಟಿಯಿಂದ ಮಂತ್ರ ಆರಿಸುವ ಪದ್ಧತಿಯನ್ನೇ ಬಿಟ್ಟ ಆಟಗಳೂ ಇವೆ. 1987ರ ಆರ್ಸ್ ಮ್ಯಾಜಿಕಾ ನೋಡಿ. ಅಲ್ಲಿ ಐದು ಕ್ರಿಯೆ: ಸೃಷ್ಟಿಸು, ಅರಿ, ಬದಲಿಸು, ನಾಶಮಾಡು, ನಿಯಂತ್ರಿಸು. ಹತ್ತು ವಸ್ತು: ಪ್ರಾಣಿ, ಗಾಳಿ, ನೀರು, ದೇಹ, ಗಿಡಮರ, ಬೆಂಕಿ, ಬಿಂಬ, ಮನಸ್ಸು, ಮಣ್ಣು, ಮಂತ್ರ. ಒಂದು ಕ್ರಿಯೆಗೆ ಒಂದು ವಸ್ತು ಜೋಡಿಸಿದರೆ ಮಂತ್ರ. 50 ಜೋಡಿಗಳಿಂದ ಇಡೀ ಲೋಕ. "ಬೆಂಕಿ" ಮತ್ತು "ನಾಶಮಾಡು" ಸೇರಿದರೆ ಶತ್ರುಗಳ ದೊಂದಿ ಆರಿಸಬಹುದು. ಬೆಂಕಿ ಮಾಂತ್ರಿಕ ಕತ್ತಲೆ ಮಾಡುವುದು ನನಗೆ ಬಹಳ ಇಷ್ಟ. ಇದರಲ್ಲಿ ಕಷ್ಟವೂ ಇದೆ. ಸ್ಥಳದಲ್ಲೇ ಕಟ್ಟುವ ಪ್ರತಿ ಮಂತ್ರಕ್ಕೂ ಆಟ ನಿಲ್ಲುತ್ತದೆ, ಗೇಮ್ ಮಾಸ್ಟರ್ (ಆಟ ನಡೆಸುವವರು) ಮತ್ತು ಮಾಂತ್ರಿಕ ಚೌಕಾಸಿಗೆ ಕೂರುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. ನಿಮ್ಮ ಗುಂಪಿನಲ್ಲಿ ಐದಾರು ಜನ ಇದ್ದರೆ ಪೂರ್ತಿ ಇದನ್ನೇ ತರಬೇಡಿ.

ಆದರೆ ಆ ಆಟದಲ್ಲಿ ಇನ್ನೊಂದು ಸಂಗತಿ ಇದೆ, ಅದು ನಿಮಗೆ ಹೆಚ್ಚು ಉಪಯೋಗ. ಮಾಂತ್ರಿಕರು ಬೇರೆಯವರಿಗಿಂತ ಬಲಶಾಲಿಗಳು ಅಂತ ಆ ಆಟ ನೇರವಾಗಿ ಒಪ್ಪಿಕೊಳ್ಳುತ್ತದೆ. ಸಮ ಮಾಡಲು ಹೋಗುವುದೇ ಇಲ್ಲ. ಬದಲಿಗೆ ಪ್ರತಿ ಆಟಗಾರನಿಗೂ ಒಬ್ಬ ಮಾಂತ್ರಿಕ, ಒಬ್ಬ ಸಂಗಾತಿ, ಜೊತೆಗೆ ಎಲ್ಲರೂ ಹಂಚಿಕೊಂಡು ಆಡುವ ಸೇವಕರು, ಸೈನಿಕರು. ಈ ಕಥೆಯಲ್ಲಿ ನೀನು ಮಾಂತ್ರಿಕ, ನಾನು ಸೈನಿಕ. ಮುಂದಿನದರಲ್ಲಿ ಅದಲು ಬದಲು. ಅಂದರೆ ಸಮಾನತೆ ಪಾತ್ರಗಳ ನಡುವೆ ಇರಲೇಬೇಕು ಅಂತಿಲ್ಲ, ಆಟಗಾರರ ನಡುವೆ ಇದ್ದರೆ ಸಾಕು.

ಇದಕ್ಕೆ ತದ್ವಿರುದ್ಧ ಡಂಜನ್ಸ್ ಅಂಡ್ ಡ್ರಾಗನ್ಸ್ ನಾಲ್ಕನೇ ಆವೃತ್ತಿ, 2008ರದ್ದು. ಫೈಟರ್ ಇರಲಿ ವಿಝರ್ಡ್ ಇರಲಿ, ಎಲ್ಲರಿಗೂ ಒಂದೇ ಅಚ್ಚು: ಯಾವಾಗ ಬೇಕಾದರೂ ಬಳಸುವ ಶಕ್ತಿ, ಹೋರಾಟಕ್ಕೊಮ್ಮೆ ಬಳಸುವ ಶಕ್ತಿ, ದಿನಕ್ಕೊಮ್ಮೆ ಬಳಸುವ ಶಕ್ತಿ. ಲೆಕ್ಕದಲ್ಲಿ ಸಮ ಆಯಿತು. ಆದರೆ ಎಲ್ಲ ಕ್ಲಾಸೂ ಒಂದೇ ಥರ ಅನಿಸುತ್ತದೆ ಅಂತ ಬಹಳ ಜನ ಬೇಸರ ಮಾಡಿಕೊಂಡರು. ನನಗೆ ಆ ಆವೃತ್ತಿಯ ಹೋರಾಟ ಇಷ್ಟ, ಇದನ್ನು ಹೇಳಿದರೆ ಇಲ್ಲಿ ಕೆಲವರು ಮುನಿಸಿಕೊಳ್ಳುತ್ತಾರೆ, ಇರಲಿ.

ಗುಹೆನಿವಾಸಿ, ನಿಮ್ಮ ಸಾಲದ ಕಲ್ಪನೆ ಚಿನ್ನದಂಥದ್ದು. ಪಾಯಿಂಟ್ ಪೂರ್ತಿ ತೆಗೆದು ಹಾಕಿ. ಮಾಂತ್ರಿಕ ಎಷ್ಟು ಬೇಕಾದರೂ ಮಂತ್ರ ಹಾಕಲಿ, ಪ್ರತಿ ಸಲವೂ ಸಾಲ ಏರಲಿ. ಮಲಗಿದರೆ ಇಳಿಯಬಾರದು. ಮಲಗಿದರೆ ಸಾಲ ತೀರುವ ಲೋಕ ಎಲ್ಲಾದರೂ ಇದೆಯಾ?

ನಿಯಮದ್ವೇಷಿ

ಎಲ್ಲರೂ ಕ್ಲಾಸ್ ಎಷ್ಟಿರಬೇಕು ಅಂತ ಲೆಕ್ಕ ಹಾಕುತ್ತಿದ್ದೀರಿ. ಸೊನ್ನೆ ಇಟ್ಟರೆ ಏನಾಗುತ್ತದೆ?

1977ರ ಟ್ರಾವೆಲರ್ ಆಟದಲ್ಲಿ ಕ್ಲಾಸ್ ಇಲ್ಲ. 1978ರ ರೂನ್‌ಕ್ವೆಸ್ಟ್‌ನಲ್ಲಿ ಇಲ್ಲ. ರೂನ್‌ಕ್ವೆಸ್ಟ್‌ನಲ್ಲಿ ಕತ್ತಿ ಹಿಡಿದವನೂ ಸಣ್ಣಪುಟ್ಟ ಮಂತ್ರ ಕಲಿಯುತ್ತಾನೆ, ಯಾವ ಕೌಶಲ ಬಳಸುತ್ತಾನೋ ಅದು ಬೆಳೆಯುತ್ತದೆ. ಮಂತ್ರ ಎಲ್ಲರಿಗೂ ಸಿಕ್ಕಿದರೆ "ಮಾಂತ್ರಿಕ ಒಬ್ಬನೇ ಎಲ್ಲ ಮಾಡುತ್ತಾನೆ" ಅನ್ನುವ ದೂರು ಹುಟ್ಟುವುದೇ ಇಲ್ಲ. ನಿಮ್ಮ ಲೋಕದಲ್ಲಿ ಸಾಲ ಮಾಡಲು ಮಾಂತ್ರಿಕನೇ ಆಗಬೇಕು ಅಂತ ಯಾಕೆ? ಬೆಟ್ಟಕ್ಕೆ ಸಾಲ ಕೊಡುವ ಮನಸ್ಸಿದ್ದರೆ ಕುರಿ ಕಾಯುವವನಿಗೂ ಕೊಡುತ್ತದೆ.

ಕ್ಲಾಸ್ ಅಂದರೆ ಒಂದು ಬೇಲಿ. ಗೇಮ್ ಮಾಡುವವರಿಗೆ ಸುಲಭ, ಅದಕ್ಕೇ ಹಾಕುತ್ತಾರೆ.

ಆರುಮುಖ

ನಿಯಮದ್ವೇಷಿ, ಬೇಲಿ ಅನ್ನುವುದು ಸರಿ, ಆದರೆ ಹೊಸಬರ ಮುಂದೆ 40 ಕೌಶಲಗಳ ಪಟ್ಟಿ ಇಟ್ಟು "ಏನು ಬೇಕಾದರೂ ಆಗು" ಅಂದರೆ ಅವರು ಒಂದು ಗಂಟೆ ಸುಮ್ನೆ ಕೂತಿರುತ್ತಾರೆ. ಕ್ಲಾಸ್ ಇದ್ದರೆ ಹೆಸರು ಓದಿ ಐದು ನಿಮಿಷದಲ್ಲಿ ಆಟಕ್ಕೆ ಇಳಿಯುತ್ತಾರೆ. ಅದು ಸಣ್ಣ ಲಾಭ ಅಲ್ಲ. 2010ರ ಅಪೋಕಲಿಪ್ಸ್ ವರ್ಲ್ಡ್‌ನಿಂದ ಬಂದ ಆಟಗಳಲ್ಲಿ ಪ್ರತಿ ಕ್ಲಾಸಿಗೂ ಒಂದು ಮಡಚಿದ ಹಾಳೆ, ಬೇಕಾದ ಆಯ್ಕೆಯೆಲ್ಲ ಅದರ ಮೇಲೇ ಇರುತ್ತದೆ, ಗುರುತು ಹಾಕುತ್ತಾ ಹೋದರೆ ಪಾತ್ರ ತಯಾರು. ಗುಹೆನಿವಾಸಿಗೆ ನಾನು ಹೇಳುವುದೂ ಅದೇ. ಒಂದು ಕ್ಲಾಸ್ ಒಂದು ಹಾಳೆಯಲ್ಲಿ ಹಿಡಿಯದಿದ್ದರೆ ಅದು ಇನ್ನೂ ಬೆಂದಿಲ್ಲ.

ಆದರೆ ಕುರಿ ಕಾಯುವವನೂ ಸಾಲ ಮಾಡಬಹುದು ಅನ್ನುವ ಮಾತನ್ನು ಬಿಡಬೇಡಿ, ಅದು ಒಳ್ಳೆಯದಿದೆ.

ಗುಹೆನಿವಾಸಿ

ಇಷ್ಟು ಉತ್ತರ ಬರುತ್ತದೆ ಅಂದುಕೊಂಡಿರಲಿಲ್ಲ, ಎಲ್ಲರಿಗೂ ಥ್ಯಾಂಕ್ಸ್. ಪಾಯಿಂಟ್ ತೆಗೆದೆ. ಈಗ ಸಾಲದ ನಿಯಮ ಹೀಗೆ ಬರೆದುಕೊಂಡಿದ್ದೇನೆ: ಸಣ್ಣ ಮಂತ್ರಕ್ಕೆ 1 ಗುರುತು, ದೊಡ್ಡದಕ್ಕೆ 2 ಅಥವಾ 3. ಪ್ರತಿ ಶಕ್ತಿಯ ಹೆಸರಿನ ಮುಂದೆ ಎಷ್ಟು ಗುರುತು ಇದೆ ಅಂತ ಶೀಟಿನಲ್ಲಿ ಬರೆಯಬೇಕು. ಮಂತ್ರ ಹಾಕಿದ ಮೇಲೆ 20 ಮುಖದ ದಾಳ, ಆ ಶಕ್ತಿಯ ಗುರುತುಗಳಿಗೆ ಸಮ ಅಥವಾ ಕಮ್ಮಿ ಬಿದ್ದರೆ ಅದು ವಸೂಲಿಗೆ ಬರುತ್ತದೆ. ಏನಾದರೂ ಕೆಲಸ ಹೇಳುತ್ತದೆ, ಮಾಡಿ ಮುಗಿಸುವವರೆಗೆ ಅದರ ಮಂತ್ರ ಸಿಗುವುದಿಲ್ಲ. ಲೆಕ್ಕ ಸರಿ ಇದೆಯಾ? ನನಗೆ ಗಣಿತ ಅಷ್ಟಕ್ಕಷ್ಟೇ.

ಲೆಕ್ಕದವ

ನನ್ನ ಸರದಿ ಬಂತು.

20 ಮುಖದ ದಾಳ ಇಲ್ಲಿ ಬೇಡ. ಅದರಲ್ಲಿ ಪ್ರತಿ ಗುರುತಿಗೂ 5% ಅಪಾಯ, ಒಂದೇ ಸಮನೆ ಏರುತ್ತದೆ. ಮೊದಲ ಮಂತ್ರಕ್ಕೂ 5% ಇದೆ, ಅಂದರೆ ಆಟ ಶುರುವಾದ ಎರಡನೇ ನಿಮಿಷಕ್ಕೇ ಬೆಟ್ಟ ಬಂದು ಬಾಗಿಲು ತಟ್ಟಬಹುದು. ಮಜಾ ಇರುವುದಿಲ್ಲ. ಎರಡು ಆರು ಮುಖದ ದಾಳ ಹಾಕಿ, ಮೊತ್ತ ಗುರುತಿಗೆ ಸಮ ಅಥವಾ ಕಮ್ಮಿ ಆದರೆ ವಸೂಲಿ. ಆಗ 1 ಗುರುತಿಗೆ ಅಪಾಯವೇ ಇಲ್ಲ, ಎರಡು ದಾಳದ ಮೊತ್ತ 1 ಆಗಲು ಸಾಧ್ಯವಿಲ್ಲವಲ್ಲ. 2ಕ್ಕೆ ಸುಮಾರು 3%, 3ಕ್ಕೆ 8%, 4ಕ್ಕೆ 17%, 5ಕ್ಕೆ 28%, 6ಕ್ಕೆ 42%, 7ಕ್ಕೆ 58%. ಮೊದಲು ನಿಧಾನ, ಆಮೇಲೆ ಜೋರು. ಸಾಲ ಏರುವ ರೀತಿಯೇ ಹಾಗೆ, ಅಲ್ವಾ.

ಒಂದೊಂದೇ ಗುರುತು ಏರಿಸುತ್ತಾ ಪ್ರತಿ ಸಲ ದಾಳ ಹಾಕಿದರೆ, 5 ಗುರುತಿನವರೆಗೆ ವಸೂಲಿ ಇಲ್ಲದೆ ಬರುವ ಸಾಧ್ಯತೆ 54%. 6ರವರೆಗೆ 31%. ಅಂದರೆ ಸುಮಾರು ಅರ್ಧ ಜನ ಮಾಂತ್ರಿಕರಿಗೆ ಐದನೇ ಗುರುತಿನ ಒಳಗೆ ಕರೆ ಬಂದಿರುತ್ತದೆ. ನಿಮ್ಮ ಒಂದು ಸೆಷನ್‌ನಲ್ಲಿ (ಒಂದು ಸಲ ಕೂತು ಆಡುವ ಆಟದಲ್ಲಿ) ಮಾಂತ್ರಿಕ ನಾಲ್ಕೈದು ಮಂತ್ರ ಹಾಕುವುದಾದರೆ ಇದು ಸರಿಯಾಗಿ ಕೂರುತ್ತದೆ. ಜಾಸ್ತಿ ಹಾಕಬೇಕು ಅನ್ನುವುದಾದರೆ ಮೂರು ದಾಳ ಮಾಡಿಕೊಳ್ಳಿ.

ಇನ್ನು ದೊಡ್ಡ ತೂತು. ನೀವು ಪ್ರತಿ ಶಕ್ತಿಯ ಗುರುತನ್ನು ಬೇರೆ ಬೇರೆ ಲೆಕ್ಕ ಹಾಕುತ್ತಿದ್ದೀರಿ. ನಾನು ಮಾಂತ್ರಿಕನಾದರೆ ಬೆಟ್ಟದ ಹತ್ತಿರ 1, ನದಿಯ ಹತ್ತಿರ 1, ಮರದ ಹತ್ತಿರ 1 ಸಾಲ ಮಾಡುತ್ತೇನೆ. ಎಲ್ಲದರಲ್ಲೂ ಅಪಾಯ ಸೊನ್ನೆ. ದಾಳ ಹಾಕುವಾಗ ಒಟ್ಟು ಗುರುತು ಲೆಕ್ಕಕ್ಕೆ ಬರಲಿ. ವಸೂಲಿಗೆ ಬರುವುದು ಮಾತ್ರ ಅತಿ ಹೆಚ್ಚು ಸಾಲ ಕೊಟ್ಟ ಶಕ್ತಿ. ಆಗ ಯಾರ ಹತ್ತಿರ ಜಾಸ್ತಿ ಸಾಲ ಮಾಡಲಿ ಅನ್ನುವುದೇ ಒಂದು ಯೋಚನೆ ಆಗುತ್ತದೆ. ನದಿ ಕೇಳುವ ಕೆಲಸ ಸುಲಭ ಇರಬಹುದು, ಪಾಳು ಕೋಟೆ ಏನು ಕೇಳುತ್ತದೋ ಯಾರಿಗೆ ಗೊತ್ತು.

ವಸೂಲಿಯ ಕೆಲಸ ಆ ಸೆಷನ್‌ನಲ್ಲೇ ಕಚ್ಚಬೇಕು ಅನ್ನುವುದನ್ನೂ ನೆನಪಿಡಿ. 1989ರ ಶಾಡೋರನ್‌ನಲ್ಲಿ ಮಂತ್ರ ಹಾಕಿದ ಕ್ಷಣವೇ ಅದರ ಸುಸ್ತು ಮಾಂತ್ರಿಕನ ಮೇಲೆ ಬೀಳುತ್ತದೆ, ತಡೆದುಕೊಳ್ಳಲು ಅಲ್ಲೇ ದಾಳ ಹಾಕುತ್ತಾನೆ. "ಹತ್ತು ವರ್ಷದ ನಂತರ ನಿನ್ನ ಆತ್ಮ ನನ್ನದು" ಎನ್ನುವ ಥರದ ಬೆಲೆಗೆ ಯಾವ ಆಟಗಾರನೂ ಹೆದರುವುದಿಲ್ಲ. ಆ ಹತ್ತು ವರ್ಷ ಮೇಜಿನ ಮೇಲೆ ಬರುವುದೇ ಇಲ್ಲ.

ಕತ್ತಿವರಸೆ

ತಡೀರಿ ತಡೀರಿ. ಲೆಕ್ಕ ಚೆನ್ನಾಗಿದೆ, ಆದರೆ ನೀವೆಲ್ಲ ಸೇರಿ ಏನು ಮಾಡಿದಿರಿ ನೋಡಿ. ಮೊದಲು ಮಾಂತ್ರಿಕ ಎಲ್ಲ ಸಮಸ್ಯೆ ಬಿಡಿಸುತ್ತಿದ್ದ. ಈಗ ಸಮಸ್ಯೆಯನ್ನೂ ಅವನೇ ತರುತ್ತಾನೆ. ಬೆಟ್ಟ ಬಂದು ಅವನ ಜೊತೆ ಮಾತಾಡುತ್ತದೆ, ಅವನ ಸಾಲ ತೀರಿಸಲು ನಾವೆಲ್ಲ ಮೂರು ದಿನ ನಡೆಯಬೇಕು. ಕಥೆ ಪೂರ್ತಿ ಅವನದ್ದೇ ಆಯಿತು! ನನ್ನ ಯೋಧ ಈಗಲೂ ಅವನ ಹಿಂದೆಯೇ ನಡೆಯುತ್ತಿದ್ದಾನೆ, ಕಾರಣ ಬೇರೆ ಅಷ್ಟೇ.

ಮಂತ್ರಗಳ್ಳಿ

ಇದು ಸರಿಯಾದ ಪಾಯಿಂಟ್. ಹಾಗಾದರೆ ಕ್ಲಾಸ್‌ಗಳನ್ನೇ ಸಾಲದ ಸುತ್ತ ಕಟ್ಟಿ. ಯೋಧ, ಕಳ್ಳ, ವೈದ್ಯ ಎನ್ನುವ ಹೆಸರುಗಳು ಬೇರೆ ಆಟಗಳಿಂದ ಬಂದವು, ನಿಮ್ಮ ಲೋಕಕ್ಕೂ ಅವಕ್ಕೂ ಸಂಬಂಧ ಇಲ್ಲ. ನಿಮ್ಮ ಲೋಕದಲ್ಲಿ ಯಾರು ಏನು ಅನ್ನುವುದು ಸಾಲದ ಜೊತೆ ಅವರ ನಂಟು ಎಂಥದ್ದು ಅನ್ನುವುದರಿಂದ ಬರಲಿ.

ಸಾಲ ಮಾಡುವವನು ಒಬ್ಬ ಇದ್ದಾನೆ, ಅವನೇ ನಿಮ್ಮ ಮಾಂತ್ರಿಕ, ಬೆಂಕಿ ನೀರು ಮಂಜು ಎಲ್ಲ ಅವನಲ್ಲೇ ಬಂತು. ಅವನ ಜೊತೆ ಜಾಮೀನುದಾರ ಇರಲಿ. ಬೇರೆಯವರ ಗುರುತನ್ನು ತನ್ನ ಮೇಲೆ ಹಾಕಿಕೊಳ್ಳಬಲ್ಲವನು. ನಿಮ್ಮ ವೈದ್ಯ ಮತ್ತು ಪೂಜಾರಿ ಇಬ್ಬರೂ ಇದರಲ್ಲಿ ಸೇರುತ್ತಾರೆ. ಗಾಯವನ್ನೂ ಹೀಗೇ ತನ್ನ ಮೇಲೆ ಎಳೆದುಕೊಳ್ಳಲಿ ಬೇಕಾದರೆ. ಅವನು ಸರದಿ ಬಂದಾಗ ಯೋಚಿಸುವುದು "ಯಾರನ್ನು ಉಳಿಸಲಿ, ನಾನೆಷ್ಟು ಹೊರಲಿ" ಅಂತ. ಮಾಂತ್ರಿಕನ ಯೋಚನೆಗೂ ಇದಕ್ಕೂ ಸಂಬಂಧವೇ ಇಲ್ಲ.

ಮೂರನೆಯವನು ವಸೂಲಿಗಾರ. ಶಕ್ತಿಗಳ ಪರವಾಗಿ ಸಾಲ ಎತ್ತುವವನು. ಯಾರ ಮೇಲೆ ಎಷ್ಟು ಸಾಲ ಇದೆ, ಯಾರ ಹತ್ತಿರ ಅಂತ ಅವನಿಗೆ ಕಾಣುತ್ತದೆ. ಶತ್ರು ಮಾಂತ್ರಿಕನ ಸಾಲವನ್ನು ಹೋರಾಟದ ನಡುವೆಯೇ ವಸೂಲಿಗೆ ಕರೆಯಬಲ್ಲ! ಬೀಗ ತೆಗೆಯುವುದು, ಹಿಂಬಾಲಿಸುವುದು, ಗುಟ್ಟು ಹೊರತೆಗೆಯುವುದು ಅವನ ಕಸುಬು, ಹಾಗಾಗಿ ಕಳ್ಳ ಮತ್ತು ಬೇಹುಗಾರ ಇಬ್ಬರ ಜಾಗ ಇದು.

ಇನ್ನು ಕತ್ತಿವರಸೆ, ನಿಮ್ಮವನು. ಹಂಗಿಲ್ಲದವನು. ಜೀವನದಲ್ಲಿ ಯಾವ ಶಕ್ತಿಯ ಹತ್ತಿರವೂ ಕೈಚಾಚದವನು. ಯಾರ ಹಂಗೂ ಇಲ್ಲದ ಕಾರಣ ಯಾವ ಶಕ್ತಿಗೂ ಅವನ ಮೇಲೆ ಅಧಿಕಾರ ಇಲ್ಲ, ಮಂತ್ರ ಅವನಿಗೆ ತಾಗುವುದಿಲ್ಲ. ಮಾಯದ ಗೋಡೆ ಅವನಿಗೆ ಗೋಡೆಯಲ್ಲ. ಶಕ್ತಿಗಳು ವಸೂಲಿಗೆ ಬಂದಾಗ ಅವುಗಳ ಎದುರು ನಿಂತು ಗಡುವು ಕೇಳುವ ಹಕ್ಕು ಅವನಿಗೆ ಮಾತ್ರ. ಬೆಟ್ಟ ಮಾತಾಡಲು ಬಂದರೆ ಮುಂದೆ ಹೋಗುವವನು ಈಗ ಯಾರು?

ಕತ್ತಿವರಸೆ

ಇದನ್ನು ನಾಳೆಯೇ ಆಡುತ್ತೇನೆ. ಆದರೆ ಒಂದು ಷರತ್ತು: ಗೆಳೆಯನ ಒಳ್ಳೆಯ ಮಂತ್ರವೂ ತಾಗಬಾರದು. ಹಾರಿಸುವುದು, ಗಾಯ ಮಾಯಿಸುವುದು ಯಾವುದೂ ಇಲ್ಲ. ಎಲ್ಲರೂ ಕಂದಕ ಹಾರಿದರೆ ನಾನು ಹಗ್ಗ ಹಿಡಿದು ಇಳಿದು ಹತ್ತಬೇಕು. ಹಾಗಿದ್ದರೆ ಮಾತ್ರ ಅದಕ್ಕೆ ಬೆಲೆ. ಕೆಟ್ಟದ್ದು ತಾಗುವುದಿಲ್ಲ, ಒಳ್ಳೆಯದು ತಾಗುತ್ತದೆ ಅಂತ ಮಾಡಿದರೆ ಎಲ್ಲರೂ ಇವನನ್ನೇ ಆರಿಸುತ್ತಾರೆ. ಹತ್ತುವುದಕ್ಕೆ ಮತ್ತೆ ದಾಳ ಕೇಳಬೇಡಿ ಮಾತ್ರ.

ಆರುಮುಖ

ನಾಲ್ಕು ಕ್ಲಾಸ್ ಸಾಕು. ನಿಯಮದ್ವೇಷಿಯ ಮಾತಿಗೂ ಜಾಗ ಕೊಡಿ: ಮಾಂತ್ರಿಕ ಅಲ್ಲದವರು ಯಾರು ಬೇಕಾದರೂ ತೀರಾ ಕಷ್ಟದಲ್ಲಿ ಒಮ್ಮೆ ಸಾಲ ಮಾಡಬಹುದು, ಆದರೆ 1ರ ಬದಲು 3 ಗುರುತು ಬೀಳುತ್ತದೆ. ಹಂಗಿಲ್ಲದವನೂ ಮಾಡಬಹುದು, ಮಾಡಿದ ಕ್ಷಣ ಅವನ ಕ್ಲಾಸ್ ಹೋಯಿತು. ಯಾವತ್ತೋ ಒಂದು ದಿನ ಯಾರೋ ಅದನ್ನು ಮಾಡುತ್ತಾರೆ, ಆ ಸೆಷನ್ ಮಾತ್ರ ಭರ್ಜರಿ ಇರುತ್ತದೆ.

ಮಂತ್ರಗಳ ಪಟ್ಟಿಯನ್ನೂ ಕತ್ತರಿಸಿ. ಡ್ಯಾಮೇಜ್ ಮಂತ್ರ ಎಷ್ಟಿದ್ದರೂ ನಡೆಯುತ್ತದೆ, ಆಟವನ್ನು ಕೊಲ್ಲುವುದು ಬೆಳಕು, ಊಟ, ಬೀಗ, ದೂರ ಇವುಗಳನ್ನು ಅಳಿಸುವ ಮಂತ್ರಗಳು. ಗುಹೆಯಲ್ಲಿ ದೊಂದಿ ಎಷ್ಟು ಹೊತ್ತು ಉರಿಯುತ್ತದೆ ಅನ್ನುವುದು ಒಂದು ಆತಂಕ. ಖರ್ಚಿಲ್ಲದ ಬೆಳಕಿನ ಮಂತ್ರ ಕೊಟ್ಟ ದಿನ ಆ ಆತಂಕ ಸತ್ತಿತು. ನಿಮ್ಮ ಲೋಕದಲ್ಲಿ ದೂರ ಪ್ರಯಾಣ ಮುಖ್ಯವಾದರೆ ಒಂದು ಜಾಗದಿಂದ ಇನ್ನೊಂದಕ್ಕೆ ನೆಗೆಯುವ ಮಂತ್ರ ಇಡಲೇಬೇಡಿ. ಸತ್ತವರನ್ನು ಬದುಕಿಸಬಹುದಾ, ಮನಸ್ಸು ಓದಬಹುದಾ ಎನ್ನುವುದಕ್ಕೂ ಈಗಲೇ ಉತ್ತರ ಬರೆದಿಡಿ. ಮನಸ್ಸು ಓದುವ ಮಂತ್ರ ಇದ್ದರೆ ಕೊಲೆಗಾರನನ್ನು ಹುಡುಕುವ ಕಥೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ.

ಗುಹೆನಿವಾಸಿ

ಹಾಡುಗಾರ ಒಬ್ಬ ಉಳಿದುಬಿಟ್ಟ. ಅವನನ್ನು ಆಡುತ್ತಿದ್ದವಳು ಈಗಲೇ ಜಗಳ ಶುರು ಮಾಡಿದ್ದಾಳೆ. ಜಾಮೀನುದಾರನ ಹಾಳೆಯಲ್ಲಿ ಸೇರಿಸಬಹುದಾ ನೋಡುತ್ತೇನೆ, ಶಕ್ತಿಗಳನ್ನು ಹಾಡಿ ಒಲಿಸಿ ಒಂದು ಗುರುತು ಕಮ್ಮಿ ಮಾಡಿಸುವ ಥರ.

ಇನ್ನೊಂದು ಪ್ರಶ್ನೆ. ಮಾಂತ್ರಿಕ ತನ್ನ ಗುರುತನ್ನು ಜಾಮೀನುದಾರನ ಮೇಲೆ ಹಾಕುವಾಗ ಅವನ ಒಪ್ಪಿಗೆ ಬೇಕಾ? ಹೋರಾಟದ ನಡುವೆ ಪ್ರತಿ ಸಲ ಕೇಳುತ್ತಾ ಕೂತರೆ ನಿಧಾನ ಆಗುತ್ತದೆ.

ಲೆಕ್ಕದವ

ಬೇಕೇ ಬೇಕು. ಇಲ್ಲದಿದ್ದರೆ ಒಂದೇ ತಿಂಗಳಲ್ಲಿ ಜಾಮೀನುದಾರನನ್ನು ಆಡಲು ಯಾರೂ ಸಿಗುವುದಿಲ್ಲ. ನಿಧಾನ ಆಗಬಾರದು ಅಂದರೆ ಹೀಗೆ ಮಾಡಿ: ಮಾಂತ್ರಿಕ ಮಂತ್ರ ಹಾಕುತ್ತಾನೆ, ಅವನು ದಾಳ ಎತ್ತುವ ಮೊದಲು ಜಾಮೀನುದಾರ "ನನ್ನದು" ಅಂದರೆ ಗುರುತು ಅವನಿಗೆ. ದಾಳ ಕೈಬಿಟ್ಟ ಮೇಲೆ ಹೇಳಿದರೆ ಇಲ್ಲ. ಗುರುತನ್ನು ಜಾಮೀನುದಾರ ತನ್ನ ಶೀಟಿನ ಮೇಲೆ ತಾನೇ ಬರೆದುಕೊಳ್ಳಬೇಕು. ಆವತ್ತು ಆಟಕ್ಕೆ ಬರದವರ ಹೆಸರಿಗೆ ಸಾಲ ಬರೆಯುವ ಹಾಗಿಲ್ಲ ಅಂತಲೂ ಒಂದು ಸಾಲು ಸೇರಿಸಿ. ಇಲ್ಲದಿದ್ದರೆ ನಿಮ್ಮ ಆ ಮಾಂತ್ರಿಕ ಖಂಡಿತ ಪ್ರಯತ್ನ ಮಾಡುತ್ತಾನೆ.